ಅಮ್ಮ ಒಬ್ಬರೇ ಇರುವ ಮನೆಗೆ ಯಾವ ಸೆನ್ಸರ್ ಬೇಕು?

ಪ್ರಶ್ನೆ: ನಮ್ಮ ತಾಯಿಗೆ 78 ವರ್ಷ. ತಂದೆ ತೀರಿಕೊಂಡ ಮೇಲೆ ಎರಡು ವರ್ಷದಿಂದ ಒಬ್ಬರೇ ಇದ್ದಾರೆ. ಬುದ್ಧಿ ಚುರುಕಾಗಿದೆ, ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ, ಮನೆ ಬಿಟ್ಟು ಬರಲು ಒಪ್ಪುವುದಿಲ್ಲ. ಕಳೆದ ತಿಂಗಳು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರು. ಪೆಟ್ಟೇನೂ ಆಗಲಿಲ್ಲ, ಆದರೆ ಏಳಲಾಗದೆ ಮುಕ್ಕಾಲು ಗಂಟೆ ನೆಲದ ಮೇಲೇ ಇದ್ದರಂತೆ. ನಮಗೆ ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು. ಎಲ್ಲ ಕೋಣೆಗೂ ಕ್ಯಾಮೆರಾ ಹಾಕಿಸೋಣ ಎನ್ನುತ್ತಾನೆ ತಮ್ಮ. ಬೇಡವೇ ಬೇಡ ಎನ್ನುತ್ತಾರೆ ಅಮ್ಮ. ವಾಚ್, ರೇಡಾರ್, ಹಾಸಿಗೆಯ ಸೆನ್ಸರ್ ಎಂದು ಏನೇನೋ ಇವೆ. ಯಾವುದನ್ನು ನಂಬಬಹುದು? ಎಲ್ಲಿಂದ ಶುರುಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಅವಧಿಗಳಿವೆ, ಮುಕ್ಕಾಲು ಗಂಟೆ ಮತ್ತು ನಾಲ್ಕು ದಿನ. ನೀವು ಕೇಳಿರುವುದು ಮೊದಲನೆಯದರ ಬಗ್ಗೆ. ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯದು. ಮುಕ್ಕಾಲು ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಲು ಉಪಕರಣಗಳಿವೆ. ಬಿದ್ದದ್ದನ್ನು ಅಮ್ಮ ನಾಲ್ಕು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೆ ಉಪಕರಣವಿಲ್ಲ. ಹೇಳಿದರೆ ಮನೆ ಬಿಡಿಸುತ್ತಾರೆ ಎಂಬ ಭಯ ಅವರಿಗಿದ್ದಿರಬಹುದು. ಆ ಭಯ ಇರುವವರೆಗೆ ನೀವು ಏನು ತಂದುಕೊಟ್ಟರೂ ಅದು ಕಪಾಟು ಸೇರುತ್ತದೆ. ಹಿರಿಯರ ಮನೆಗಳಿಗೆ ಇಂಥ ಸಾಧನಗಳನ್ನು ಹೊಂದಿಸಿಕೊಡುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಅಮ್ಮನ ಹತ್ತಿರ ಕೂತು ಒಂದು ಮಾತು ಕೊಡಿ: “ನೀವು ಬಿದ್ದ ವಿಷಯ ಹೇಳಿದರೆ ಅದನ್ನೇ ನೆಪ ಮಾಡಿಕೊಂಡು ನಿಮ್ಮನ್ನು ಇಲ್ಲಿಂದ ಕರೆದುಕೊಂಡು ಹೋಗುವುದಿಲ್ಲ. ನೀವು ಇಲ್ಲೇ ಇರುವುದಕ್ಕೆ ಏನು ಬೇಕೋ ಅದನ್ನು ಮಾಡೋಣ.” ಈ ಮಾತನ್ನು ಉಳಿಸಿಕೊಳ್ಳುವ ಮನಸ್ಸಿದ್ದರೆ ಮಾತ್ರ ಹೇಳಿ.

ಬಿದ್ದವರು ನೆಲದ ಮೇಲೆ ಎಷ್ಟು ಹೊತ್ತು ಇರುತ್ತಾರೆ ಎಂಬುದು ಬಹಳ ಮುಖ್ಯ. ಮೂಳೆ ಮುರಿಯದಿದ್ದರೂ ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಬಿದ್ದಿದ್ದರೆ ದೇಹದ ಭಾರಕ್ಕೆ ಸಿಕ್ಕ ಸ್ನಾಯು ಒಡೆಯುತ್ತದೆ, ಅದರಿಂದ ಹೊರಬಂದ ವಸ್ತು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ನೀರಿಲ್ಲದೆ ದೇಹ ಒಣಗುತ್ತದೆ, ಮೈ ತಣ್ಣಗಾಗುತ್ತದೆ, ಚರ್ಮ ಹುಣ್ಣಾಗುತ್ತದೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 90 ದಾಟಿದ 110 ಮಂದಿಯನ್ನು ಒಂದು ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅವರಲ್ಲಿ 66 ಮಂದಿ ಬಿದ್ದರು. ಅದರಲ್ಲಿ 53 ಮಂದಿಗೆ ಒಮ್ಮೆಯಾದರೂ ತಾವಾಗಿ ಏಳಲಾಗಲಿಲ್ಲ. 20 ಮಂದಿ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ನೆಲದ ಮೇಲಿದ್ದರು. ಅಲ್ಲಿ ಸಹಾಯಕ್ಕೆ ಕರೆಯುವ ಗುಂಡಿಗಳಿಗೇನೂ ಕೊರತೆ ಇರಲಿಲ್ಲ. ಹೀಗೆ ಬಹಳ ಹೊತ್ತು ಬಿದ್ದಿದ್ದ ಹೆಚ್ಚಿನ ಸಂದರ್ಭಗಳಲ್ಲಿ ಯಾರೂ ಅವನ್ನು ಒತ್ತಿರಲಿಲ್ಲ, ಅಷ್ಟೆ. ಗುಂಡಿ ಕೈಗೆ ಎಟುಕುವುದಿಲ್ಲ, ಕೊರಳಿಗೆ ಹಾಕಿಕೊಂಡಿರುವುದಿಲ್ಲ, ಇಲ್ಲವೇ ಇಷ್ಟಕ್ಕೆಲ್ಲ ಯಾರನ್ನು ಎಬ್ಬಿಸುವುದು ಎಂಬ ಸಂಕೋಚ. ನಿಮ್ಮ ಅಮ್ಮನ ನಾಲ್ಕು ದಿನದ ಮೌನವೂ ಈ ಜಾತಿಗೇ ಸೇರಿದ್ದು.

ಇಲ್ಲಿಂದ ಮೊದಲ ಪ್ರಶ್ನೆ ಹುಟ್ಟುತ್ತದೆ. ರಾತ್ರಿ ಎರಡೂವರೆಗೆ ಅಲಾರಂ ಹೊಡೆದರೆ ಬರುವವರು ಯಾರು? ನೀವು ಬೇರೆ ಊರಲ್ಲಿದ್ದರೆ ನಿಮ್ಮ ಫೋನ್ ಹೊಡೆದುಕೊಳ್ಳುವುದರಿಂದ ಅಮ್ಮ ನೆಲದಿಂದ ಏಳುವುದಿಲ್ಲ. ಹತ್ತು ನಿಮಿಷದಲ್ಲಿ ತಲುಪಬಲ್ಲ, ಮನೆಯ ಕೀಲಿ ಇಟ್ಟುಕೊಂಡಿರುವ, ಅಮ್ಮ ತಾವೇ ಒಪ್ಪಿದ ಇಬ್ಬರು ಮೂವರ ಹೆಸರು ಬರೆದುಕೊಳ್ಳಿ. ಒಳಗಿನಿಂದ ಚಿಲಕ ಹಾಕುವ ಅಭ್ಯಾಸವಿದ್ದರೆ ಕೀಲಿಯಿದ್ದೂ ಪ್ರಯೋಜನವಿಲ್ಲ, ಅದನ್ನೂ ಯೋಚಿಸಿ. ಅವರಲ್ಲಿ ಯಾರೂ ಸಿಗದಿದ್ದರೆ ಆಂಬುಲೆನ್ಸ್ ಕರೆಯುವವರು ಯಾರು ಎಂದೂ ಮೊದಲೇ ಗೊತ್ತಿರಲಿ. ಈ ಪಟ್ಟಿ ಆಗದೆ ಸೆನ್ಸರ್ ಕೊಳ್ಳಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ದುರ್ಬಲ ಹೃದಯದವರನ್ನು ದೂರದಿಂದ ಗಮನಿಸುವ ಎರಡು ದೊಡ್ಡ ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2010ರಲ್ಲಿ ಅಮೆರಿಕದಿಂದ ಬಂದ ಪ್ರಯೋಗದಲ್ಲಿ 1,653 ರೋಗಿಗಳಿದ್ದರು. ಒಂದು ಗುಂಪಿನವರು ದಿನವೂ ಫೋನ್ ಮಾಡಿ, ಧ್ವನಿಮುದ್ರಿತ ಯಂತ್ರಕ್ಕೆ ತಮ್ಮ ತೂಕ ಮತ್ತು ಲಕ್ಷಣಗಳನ್ನು ತಿಳಿಸಬೇಕಿತ್ತು. ಆರು ತಿಂಗಳ ಕೊನೆಗೆ ಆಸ್ಪತ್ರೆ ಸೇರುವುದರಲ್ಲಾಗಲಿ ಸಾವಿನಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ 1,571 ರೋಗಿಗಳಿದ್ದರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ತೂಕ, ರಕ್ತದೊತ್ತಡ, ಇಸಿಜಿ, ಆಮ್ಲಜನಕದ ಮಟ್ಟ ದಿನವೂ ಒಂದು ಕೇಂದ್ರಕ್ಕೆ ಹೋಗುತ್ತಿತ್ತು, ಅಲ್ಲಿ ವೈದ್ಯರು ಮತ್ತು ನರ್ಸ್‌ಗಳು ಹಗಲೂ ರಾತ್ರಿಯೂ ಇರುತ್ತಿದ್ದರು. ನೂರು ಜನರಿಗೆ ವರ್ಷಕ್ಕೆ ಸಾವು ಉಳಿದವರಲ್ಲಿ 11.3 ಇದ್ದರೆ ಇವರಲ್ಲಿ 7.9 ಇತ್ತು. ಎರಡು ಪ್ರಯೋಗಗಳ ನಡುವೆ ಬೇರೆ ವ್ಯತ್ಯಾಸಗಳೂ ಇದ್ದವು ನಿಜ. ಆದರೆ ಈ ಕ್ಷೇತ್ರದಲ್ಲಿ ದುಡಿದವರಿಗೆ ಎದ್ದು ಕಾಣುವುದು ಒಂದೇ: ಅಂಕಿ ಬಂದಾಗ ಅದನ್ನು ಓದಿ ತಕ್ಷಣ ಏನಾದರೂ ಮಾಡುವ ಮನುಷ್ಯರು ಅಲ್ಲಿದ್ದರು. ಇಂಗ್ಲೆಂಡಿನಲ್ಲಿ ಸುಮಾರು 2,600 ಮಂದಿಯ ಮೇಲೆ ನಡೆದ ಮನೆ-ಸೆನ್ಸರ್‌ಗಳ ಪ್ರಯೋಗದಲ್ಲೂ, ಬರೀ ಉಪಕರಣ ಅಳವಡಿಸಿದ್ದರಿಂದ ಆಸ್ಪತ್ರೆ ಸೇರುವವರ ಸಂಖ್ಯೆ ಒಂದು ವರ್ಷದಲ್ಲಿ ಗಣನೀಯವಾಗಿ ಕಡಿಮೆಯಾಗಲಿಲ್ಲ.

ಇನ್ನು ಬಚ್ಚಲ ದಾರಿಗೆ ಬರೋಣ. ಅಮ್ಮ ಬಿದ್ದದ್ದು ರಾತ್ರಿ, ಹಾಸಿಗೆಯಿಂದ ಎದ್ದು ಹೋಗುವಾಗ. ವಯಸ್ಸಾದ ಮೇಲೆ ಮಲಗಿದ್ದವರು ಥಟ್ಟನೆ ಎದ್ದರೆ ರಕ್ತದೊತ್ತಡ ಕುಸಿಯುವುದು ಬಹಳ ಸಾಮಾನ್ಯ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಲು ಹೇಳಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ವೈದ್ಯರ ಮುಂದಿಡಿ. ಬಿಪಿ ಮಾತ್ರೆ, ನಿದ್ರೆ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳು ಎಷ್ಟೋ ಸಲ ಬೀಳುವುದಕ್ಕೆ ಕಾರಣವಾಗಿರುತ್ತವೆ. ಆಮೇಲೆ ನಾನು ಎಲ್ಲ ಮನೆಗೂ ಮೊದಲು ಸೂಚಿಸುವ ಸೆನ್ಸರ್ ಬರುತ್ತದೆ, ಮಂಚದಿಂದ ಬಚ್ಚಲವರೆಗೆ ಕಾಲು ಕೆಳಗಿಟ್ಟೊಡನೆ ತಾನೇ ಹತ್ತಿಕೊಳ್ಳುವ ಮಂದ ದೀಪ. ಗೋಡೆಯ ಬುಡದಲ್ಲಿ, ಮೊಣಕಾಲಿಗಿಂತ ಕೆಳಗೆ ಹಾಕಿಸಿ. ಕಣ್ಣಿಗೆ ರಾಚಬಾರದು, ನೆಲ ಕಾಣಬೇಕು. ಅದು ಯಾರಿಗೂ ಸಂದೇಶ ಕಳಿಸುವುದಿಲ್ಲ, ಯಾರ ಮೇಲೂ ಕಣ್ಣಿಡುವುದಿಲ್ಲ, ಹಾಗಾಗಿ ಅದನ್ನು ಬೇಡ ಎಂದವರನ್ನು ನಾನು ಇನ್ನೂ ನೋಡಿಲ್ಲ. ಅದರ ಜೊತೆಗೆ ಬಚ್ಚಲಲ್ಲಿ ಗಟ್ಟಿಯಾದ ಹಿಡಿಕೆ, ಜಾರದ ನೆಲ. ಇವು ಸೆನ್ಸರ್ ಅಲ್ಲ, ಆದರೆ ಇವಿಲ್ಲದೆ ಸೆನ್ಸರ್ ಹಾಕಿಸುವುದು ಬೀಳುವುದನ್ನು ಕಾಯುತ್ತಾ ಕೂತಂತೆ.

ಈಗ ಬಿದ್ದದ್ದನ್ನು ಗುರುತಿಸುವ ಸಾಧನಗಳು. ವಾಚ್ ಅಥವಾ ಕೊರಳ ಪದಕದೊಳಗೆ ವೇಗದ ಏರಿಳಿತ ಅಳೆಯುವ ಪುಟ್ಟ ಚಿಪ್ ಇರುತ್ತದೆ. ದೇಹ ಕೆಳಗೆ ಹೋಗುವಾಗ ಕ್ಷಣಕಾಲ ತೂಕವಿಲ್ಲದಂತಾಗುತ್ತದೆ, ನೆಲಕ್ಕೆ ತಾಗಿದಾಗ ಜೋರು ಹೊಡೆತ ದಾಖಲಾಗುತ್ತದೆ, ಆಮೇಲೆ ಚಲನೆಯೇ ಇರುವುದಿಲ್ಲ. ಈ ಮೂರೂ ಸಾಲಾಗಿ ಬಂದರೆ ಬಿದ್ದರು ಎಂದು ಅದು ಲೆಕ್ಕ ಹಾಕುತ್ತದೆ. 2018ರಲ್ಲಿ ಆ್ಯಪಲ್ ವಾಚ್‌ಗೆ ಈ ಸೌಲಭ್ಯ ಬಂದ ಮೇಲೆ ಇದು ಮನೆಮಾತಾಯಿತು. ಬಿದ್ದ ಮೇಲೆ ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಆ ವಾಚ್ ತಾನೇ ತುರ್ತು ಕರೆ ಮಾಡುತ್ತದೆ. ನಿಂತಲ್ಲಿಂದ ದೊಪ್ಪನೆ ಬೀಳುವುದನ್ನು ಈ ಸಾಧನಗಳು ಚೆನ್ನಾಗಿ ಹಿಡಿಯುತ್ತವೆ. ಆದರೆ ಹಿರಿಯರು ಬೀಳುವ ರೀತಿ ಬೇರೆ. ಗೋಡೆ ಹಿಡಿದುಕೊಂಡೇ ನಿಧಾನವಾಗಿ ಕುಸಿಯುತ್ತಾರೆ, ಮಂಚದ ಅಂಚಿನಿಂದ ಜಾರುತ್ತಾರೆ, ಕುರ್ಚಿಯಿಂದ ಕೆಳಗೆ ಕೂತುಬಿಡುತ್ತಾರೆ. ಅಲ್ಲಿ ಹೊಡೆತವೇ ಇರುವುದಿಲ್ಲ, ವಾಚ್‌ಗೆ ಅದು ಕೂತಂತೆಯೇ ಕಾಣುತ್ತದೆ. ಇನ್ನೊಂದು ತೊಡಕು ತೀರಾ ಸರಳವಾದದ್ದು. ಹೆಚ್ಚಿನವರು ವಾಚನ್ನು ಚಾರ್ಜಿಗೆ ಹಾಕುವುದು ರಾತ್ರಿ. ನಿಮ್ಮ ಅಮ್ಮ ಬಿದ್ದದ್ದು ಅದೇ ಹೊತ್ತಿನಲ್ಲಿ. ವಾಚ್ ಕೊಡುವುದಾದರೆ ಚಾರ್ಜ್ ಮಾಡುವ ಸಮಯವನ್ನು ಹಗಲಿಗೆ, ಅವರು ಕೂತು ಓದುವ ಅಥವಾ ಟಿವಿ ನೋಡುವ ಹೊತ್ತಿಗೆ ಬದಲಿಸಿ.

ರೇಡಾರ್ ಎಂದರೆ ರೇಡಿಯೊ ಅಲೆ ಕಳಿಸಿ, ತಾಗಿ ಹಿಂದಿರುಗಿದ ಅಲೆಯಿಂದ ಯಾರು ಎಲ್ಲಿದ್ದಾರೆ ಎಂದು ತಿಳಿಯುವ ಸಾಧನ. ಅದಕ್ಕೆ ಇವೆರಡೂ ತೊಂದರೆಯಿಲ್ಲ, ಅದನ್ನು ಮೈಮೇಲೆ ತೊಡಬೇಕಿಲ್ಲ. ಮನೆಗಳಿಗೆ ಬರುವ ಹಲವು ರೇಡಾರ್‌ಗಳು 60 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಅಲೆಯ ಉದ್ದ ಬರೀ 5 ಮಿಲಿಮೀಟರ್, ಆದ್ದರಿಂದ ಉಸಿರಾಡುವಾಗ ಎದೆ ಏರಿಳಿಯುವುದೂ ಅದಕ್ಕೆ ತಿಳಿಯುತ್ತದೆ. ಚಿತ್ರ ಸಿಗುವುದಿಲ್ಲ, ಯಾರೋ ನೆಲದ ಮಟ್ಟದಲ್ಲಿದ್ದಾರೆ, ಏಳುತ್ತಿಲ್ಲ ಎಂಬುದಷ್ಟೇ ಸಿಗುತ್ತದೆ. ಬಚ್ಚಲಿಗೆ ಇದು ನನಗೆ ಹಿಡಿಸುವುದು ಅದಕ್ಕೇ. ಒಂದು ಸಾಧನ ಒಂದು ಕೋಣೆಯನ್ನು ಮಾತ್ರ ಕಾಯುತ್ತದೆ, ಅಡ್ಡಗೋಡೆಯ ಹಿಂದೆ ಬಿದ್ದರೆ ತಪ್ಪಿಸಿಕೊಳ್ಳಬಹುದು, ಸಾಕುಪ್ರಾಣಿ ಅಥವಾ ಅಲ್ಲಾಡುವ ಪರದೆ ಅದನ್ನು ಮೋಸಗೊಳಿಸಬಹುದು.

ಜಾಹೀರಾತಿನಲ್ಲಿ ನೂರಕ್ಕೆ ಇಷ್ಟು ನಿಖರ ಎಂದು ಬರೆದಿರುತ್ತಾರಲ್ಲ, ಅದನ್ನು ಓದುವಾಗ ಈ ಲೆಕ್ಕ ನೆನಪಿಡಿ. ಒಬ್ಬರು ವರ್ಷಕ್ಕೆ ಎರಡು ಸಲ ಬೀಳುತ್ತಾರೆ ಎಂದಿಟ್ಟುಕೊಳ್ಳಿ. ಸಾಧನ ಎರಡನ್ನೂ ಹಿಡಿಯುತ್ತದೆ, ಒಂದೂ ತಪ್ಪಿಲ್ಲ. ಆದರೆ ಹತ್ತು ದಿನಕ್ಕೊಮ್ಮೆ ಸುಮ್ಮನೆ ಕೂಗುತ್ತದೆ. ವರ್ಷಕ್ಕೆ ಬರುವ 38 ಕರೆಗಳಲ್ಲಿ 36 ಸುಳ್ಳು. ಐದನೆಯ ಸುಳ್ಳು ಕರೆಯ ಹೊತ್ತಿಗೆ ಪಕ್ಕದ ಮನೆಯವರು ನಿಧಾನಿಸುತ್ತಾರೆ, ಹತ್ತನೆಯದರ ಹೊತ್ತಿಗೆ ಅಮ್ಮ ಪ್ಲಗ್ ಕಿತ್ತಿರುತ್ತಾರೆ. ಆದ್ದರಿಂದ ಕರೆ ಹೊರಗೆ ಹೋಗುವ ಮುಂಚೆ ಅರ್ಧ ನಿಮಿಷವೋ ಒಂದು ನಿಮಿಷವೋ “ಏನಿಲ್ಲ, ಚೆನ್ನಾಗಿದ್ದೇನೆ” ಎಂದು ರದ್ದುಮಾಡಲು ಅವಕಾಶ ಕೊಡುವ ಸಾಧನವನ್ನೇ ಆರಿಸಿ. ಎರಡು ಕಡೆಯಿಂದ ಮಾತಾಡಲು ಬರುವಂತಿದ್ದರೆ ಇನ್ನೂ ಒಳ್ಳೆಯದು. ಬಿದ್ದವರಿಗೆ ಒಂದು ದನಿ ಕೇಳಿದರೇ ಅರ್ಧ ಜೀವ ಬರುತ್ತದೆ.

ಸೆನ್ಸರ್‌ಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಬೀಳುವುದನ್ನು ಹಿಡಿಯುವವುಗಳಲ್ಲಿ ಅಲ್ಲ. ದಿನಚರಿ ನಿಧಾನವಾಗಿ ಬದಲಾಗುವುದನ್ನು ತೋರಿಸುವ ಸಾಧಾರಣ ಸೆನ್ಸರ್‌ಗಳಿವೆಯಲ್ಲ, ಅವುಗಳಲ್ಲಿ. ಜಪಾನಿನ ಝೋಜಿರುಷಿ ಕಂಪನಿ 2001ರಲ್ಲೇ ಒಂದು ಸೇವೆ ಶುರುಮಾಡಿತು. ಒಬ್ಬರೇ ಇರುವ ಹಿರಿಯರ ಮನೆಯಲ್ಲಿ ದಿನವೂ ಬಳಸುವ ಬಿಸಿನೀರಿನ ವಿದ್ಯುತ್ ಪಾತ್ರೆಯೇ ಅಲ್ಲಿ ಸೆನ್ಸರ್. ಅದರಿಂದ ನೀರು ಬಗ್ಗಿಸಿಕೊಂಡದ್ದು ದೂರದ ಮಕ್ಕಳಿಗೆ ಸಂದೇಶವಾಗಿ ಹೋಗುತ್ತದೆ. ನನಗೆ ಇದು ಈ ಕ್ಷೇತ್ರದ ಅತ್ಯಂತ ಸೊಗಸಾದ ಕಲ್ಪನೆ. ಅಮ್ಮ ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ, ತೊಡಬೇಕಿಲ್ಲ, ಅವರ ಮುಖ ಯಾರಿಗೂ ಕಾಣುವುದಿಲ್ಲ. ಬೆಳಗಾಯಿತು, ಎದ್ದಿದ್ದಾರೆ ಎಂಬುದು ಮಾತ್ರ ತಿಳಿಯುತ್ತದೆ.

ಇದನ್ನೇ ನಿಮ್ಮ ಮನೆಯಲ್ಲಿ ಮೂರು ನಾಲ್ಕು ಚಲನೆಯ ಸೆನ್ಸರ್ ಮತ್ತು ಒಂದೆರಡು ಬಾಗಿಲ ಸೆನ್ಸರ್‌ಗಳಿಂದ ಮಾಡಬಹುದು. ಬಾಗಿಲ ಸೆನ್ಸರ್ ಎಂದರೆ ಒಂದು ಪುಟ್ಟ ಅಯಸ್ಕಾಂತ, ಅದರ ಎದುರಿಗೆ ಒಂದು ಸ್ವಿಚ್, ಅಷ್ಟೇ. ಚಲನೆಯ ಸೆನ್ಸರ್ ದೇಹದ ಶಾಖ ಅತ್ತಿತ್ತ ಸರಿಯುವುದನ್ನು ನೋಡುತ್ತದೆ, ಅದರಿಂದ ಎರಡು ಮಿತಿಗಳು ಬರುತ್ತವೆ. ಅಲುಗಾಡದೆ ಕೂತವರು ಅದರ ಪಾಲಿಗೆ ಕೋಣೆಯಲ್ಲೇ ಇಲ್ಲ. ಇನ್ನು ಕೋಣೆಯ ಬಿಸಿ ಮೈಬಿಸಿಯ ಹತ್ತಿರ ಬಂದಾಗ ಅದಕ್ಕೆ ಕಣ್ಣು ಮಂಜಾಗುತ್ತದೆ. ಮೊದಲ ಎರಡು ಮೂರು ವಾರ ಯಾವ ಎಚ್ಚರಿಕೆಯನ್ನೂ ಇಡದೆ ಬರೀ ದಿನಚರಿ ದಾಖಲಾಗಲು ಬಿಡಿ. ಆಮೇಲೆ ಎರಡೇ ಎರಡು ನಿಯಮ ಇಡಿ: ಅಮ್ಮ ಸಾಮಾನ್ಯವಾಗಿ ಏಳುವ ಹೊತ್ತು ಕಳೆದು ಒಂದು ಗಂಟೆಯಾದರೂ ಅಡುಗೆಮನೆಯಲ್ಲಿ ಚಲನೆ ಇಲ್ಲದಿದ್ದರೆ, ಅಥವಾ ಬಚ್ಚಲಿಗೆ ಹೋದವರು ಅರ್ಧ ಗಂಟೆಯಾದರೂ ಹೊರಬರದಿದ್ದರೆ ಫೋನ್ ಬರಲಿ. ಎಷ್ಟು ನಿಮಿಷ ಎಂಬುದನ್ನು ಅವರೇ ಹೇಳಲಿ.

ಇದೇ ದಾಖಲೆಯಲ್ಲಿ ವಾರಗಳ ಮೇಲೆ ಕಾಣುವ ಬದಲಾವಣೆ ವೈದ್ಯರಿಗೆ ತುಂಬಾ ಉಪಯುಕ್ತ. ರಾತ್ರಿ ಒಮ್ಮೆ ಏಳುತ್ತಿದ್ದವರು ನಾಲ್ಕು ಸಲ ಏಳತೊಡಗಿದರೆ ಮೂತ್ರನಾಳದ ಸೋಂಕಿರಬಹುದು, ಸಕ್ಕರೆ ಏರಿರಬಹುದು, ಹೃದಯ ಸೋತು ದೇಹದಲ್ಲಿ ನೀರು ತುಂಬುತ್ತಿರಬಹುದು, ಹೊಸ ಮಾತ್ರೆಯ ಪರಿಣಾಮವೂ ಇರಬಹುದು. ಸೆನ್ಸರ್‌ಗೆ ಕಾರಣ ಗೊತ್ತಿಲ್ಲ. ಬದಲಾಗಿದೆ ಎಂಬುದು ಗೊತ್ತು. ನಡಿಗೆಯ ವೇಗವೂ ಹಾಗೆಯೇ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಮೆರಿಲಿನ್ ರಾಂಟ್ಸ್, ಮಾರ್ಜೊರಿ ಸ್ಕೂಬಿಕ್ ಮತ್ತವರ ತಂಡ ಟೈಗರ್‌ಪ್ಲೇಸ್ ಎಂಬ ಹಿರಿಯರ ವಸತಿಯಲ್ಲಿ ಹಲವು ವರ್ಷ ಇದನ್ನು ಅಳೆದಿದೆ. ವಾರವೊಂದರಲ್ಲಿ ನಡಿಗೆಯ ವೇಗ ಸೆಕೆಂಡಿಗೆ 5 ಸೆಂಟಿಮೀಟರ್ ಇಳಿದರೆ ಮುಂದಿನ ಮೂರು ವಾರದಲ್ಲಿ ಬೀಳುವ ಸಾಧ್ಯತೆ ನೂರಕ್ಕೆ 86 ಎಂದು ಅವರು ಕಂಡರು. 5 ಸೆಂಟಿಮೀಟರ್ ಇಳಿಕೆ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಅಲ್ಲೇ ಸೆನ್ಸರ್ ಇದ್ದವರು ಸರಾಸರಿ 1,557 ದಿನ ತಮ್ಮ ಮನೆಯಲ್ಲೇ ಉಳಿದರೆ, ಇಲ್ಲದವರು ಉಳಿದದ್ದು 936 ದಿನ. ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ, ಹಾಗಾಗಿ ಎಲ್ಲ ಪುಣ್ಯವೂ ಸೆನ್ಸರ್‌ನದ್ದೇ ಎನ್ನಲಾಗದು. ಜೊತೆಗೆ ಅಲ್ಲಿ ಆ ಸಂಕೇತಗಳನ್ನು ನೋಡಿ ಅದೇ ದಿನ ಬಾಗಿಲು ತಟ್ಟುವ ನರ್ಸ್‌ಗಳಿದ್ದರು. ನಿಮ್ಮ ಮನೆಯಲ್ಲಿ ಆ ಕೆಲಸ ನಿಮ್ಮದು. ಗಂಟೆಗೊಮ್ಮೆ ಆ್ಯಪ್ ತೆರೆದು ನೋಡಬೇಡಿ, ಅದು ನಿಮಗೂ ಹಿಂಸೆ ಅವರಿಗೂ ಹಿಂಸೆ. ವಾರಕ್ಕೊಮ್ಮೆ, ಸಾಧ್ಯವಾದರೆ ಅಮ್ಮನ ಜೊತೆಗೇ ನೋಡಿ.

ಆರೋಗ್ಯ ಅಳೆಯುವ ಸಾಧನಗಳನ್ನು ಕಾಯಿಲೆ ನೋಡಿ ಕೊಳ್ಳಿ, ಫ್ಯಾಷನ್ ನೋಡಿ ಅಲ್ಲ. ಬಿಪಿ ಇದ್ದರೆ ತೋಳಿಗೆ ಪಟ್ಟಿ ಸುತ್ತುವ ಯಂತ್ರವೇ ಸರಿ. ಪಟ್ಟಿಯಿಲ್ಲದೆ ಬಿಪಿ ಹೇಳುವ ಉಂಗುರ, ವಾಚ್‌ಗಳನ್ನು ನಂಬಿ ಮಾತ್ರೆ ಬದಲಿಸಬೇಡಿ. ಹೃದಯ ದುರ್ಬಲವಿದ್ದರೆ ತೂಕದ ಯಂತ್ರಕ್ಕಿಂತ ಒಳ್ಳೆಯ ಸೆನ್ಸರ್ ಇಲ್ಲ: ಮೂರು ದಿನದಲ್ಲಿ 2 ಕಿಲೋಗಿಂತ ಹೆಚ್ಚಿದರೆ ವೈದ್ಯರಿಗೆ ಹೇಳಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವ ಸಾಧ್ಯತೆ ಇದೆ ಎಂಬುದನ್ನು 2020ರ ಒಂದು ಅಧ್ಯಯನ ಮತ್ತೆ ಎತ್ತಿ ತೋರಿಸಿತು. ಅಂಕಿ ಚೆನ್ನಾಗಿದ್ದು ಉಸಿರು ಕಟ್ಟುತ್ತಿದ್ದರೆ ಉಸಿರನ್ನೇ ನಂಬಿ.

ನಿಮ್ಮ ತಮ್ಮನ ಕ್ಯಾಮೆರಾದ ಬಗ್ಗೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೂ ಬೇಡ ಎನ್ನುತ್ತೇನೆ. ಬುದ್ಧಿ ಚುರುಕಾಗಿರುವ ಹೆಂಗಸು ತನ್ನ ಮನೆಯಲ್ಲಿ ತನಗೆ ಬೇಕಾದಂತೆ ಕೂರಲು, ಅಳಲು, ಬಟ್ಟೆ ಬದಲಿಸಲು ಹಿಂಜರಿಯುವಂತಾದರೆ ಯಾವ ಸ್ವಾತಂತ್ರ್ಯವನ್ನು ಉಳಿಸಲು ಇಷ್ಟೆಲ್ಲ ಮಾಡುತ್ತಿದ್ದೇವೋ ಅದನ್ನೇ ಕಿತ್ತುಕೊಂಡಂತೆ. ಅಲ್ಲದೆ ಕ್ಯಾಮೆರಾ ನೋಡುವುದಕ್ಕೆ ಯಾರಾದರೂ ಎಚ್ಚರವಾಗಿರಬೇಕು. ರಾತ್ರಿ ಎರಡೂವರೆಗೆ ನಿಮ್ಮ ತಮ್ಮನೂ ನಿದ್ರೆಯಲ್ಲಿರುತ್ತಾರೆ. ಗುಟ್ಟಾಗಿ ಹಾಕಿಸುವ ಯೋಚನೆಯನ್ನಂತೂ ಮಾಡಲೇಬೇಡಿ. ಒಮ್ಮೆ ಗೊತ್ತಾದರೆ ಅಮ್ಮ ನಿಮ್ಮಿಂದ ಮುಚ್ಚಿಡುವುದು ನಾಲ್ಕು ದಿನಕ್ಕೆ ನಿಲ್ಲುವುದಿಲ್ಲ. ಯಾವ ಸೆನ್ಸರ್ ಎಲ್ಲಿದೆ, ಅದು ಏನು ಹೇಳುತ್ತದೆ, ಯಾರಿಗೆ ಹೇಳುತ್ತದೆ ಎಂಬುದು ಅವರಿಗೆ ಪೂರ್ತಿ ಗೊತ್ತಿರಲಿ. ಒಂದು ಸಂಜೆ ಎಲ್ಲವನ್ನೂ ಆರಿಸಿಡುವ ಸ್ವಿಚ್ ಅವರ ಕೈಯಲ್ಲೇ ಇರಲಿ. ಮುಂದೆಂದಾದರೂ ಮರೆವು ಬಂದರೆ ಈ ಎಲ್ಲ ತೀರ್ಮಾನಗಳೂ ಬದಲಾಗಬೇಕಾಗಬಹುದು, ಒಲೆ ತಾನೇ ಆರುವ ಸಾಧನ, ರಾತ್ರಿ ಹೊರಬಾಗಿಲು ತೆರೆದರೆ ಸಂದೇಶ, ದಾರಿ ತಪ್ಪಿದರೆ ಹುಡುಕುವ ಜಿಪಿಎಸ್ ಬೇಕಾಗಬಹುದು. ಆಗ ಏನೇನು ಒಪ್ಪಿಗೆ, ಏನು ಬೇಡ ಎಂದು ಈಗಲೇ, ಅವರಿಗೆ ತಿಳಿವಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಹಾಗಾದರೆ ನಿಮ್ಮ ಮನೆಗೆ ನಾನು ಹೇಳುವುದು: ಈ ವಾರ ದೀಪ, ಹಿಡಿಕೆ ಮತ್ತು ವೈದ್ಯರ ಭೇಟಿ. ಬರುವವರ ಪಟ್ಟಿ ಆದ ಮೇಲೆ ನೀರಿಗೆ ಕೆಡದ ಒಂದು ಗುಂಡಿ, ಕೊರಳಿಗೋ ಮುಂಗೈಗೋ ಅಮ್ಮ ಇಷ್ಟಪಟ್ಟಂತೆ. ಜೊತೆಗೆ ಬಚ್ಚಲಲ್ಲಿ ನೆಲದವರೆಗೆ ಇಳಿಬಿದ್ದ ಎಳೆಯುವ ದಾರ, ಮಲಗಿದ್ದೇ ಎಳೆಯಲು ಬರುವಂತೆ. ಆಮೇಲೆ ಚಲನೆಯ ಸೆನ್ಸರ್‌ಗಳು. ಗುಂಡಿಯನ್ನು ತೊಡುವುದೇ ಇಲ್ಲ ಎಂದಾದರೆ ಬಚ್ಚಲಿಗೆ ರೇಡಾರ್. ಕರೆಂಟ್ ಹೋದಾಗ, ಇಂಟರ್ನೆಟ್ ಇಲ್ಲದಾಗ ಕರೆ ಹೋಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ. ಸಿಮ್ ಕಾರ್ಡ್ ಮತ್ತು ಬ್ಯಾಟರಿ ಎರಡೂ ಒಳಗೇ ಇರುವ ಸಾಧನ ಮೇಲು.

ಎಲ್ಲ ಹೊಂದಿಸಿದ ಮೇಲೆ ತಿಂಗಳಿಗೊಮ್ಮೆ ಒಂದು ಪರೀಕ್ಷೆ ಮಾಡಿ. ಪಟ್ಟಿಯಲ್ಲಿರುವವರಿಗೆ ಇವತ್ತು ಪರೀಕ್ಷೆ ಎಂದು ಮೊದಲೇ ಹೇಳಬೇಡಿ, ತಿಂಗಳಿಗೊಮ್ಮೆ ಇರುತ್ತದೆ ಎಂದಷ್ಟೇ ಗೊತ್ತಿರಲಿ. ಅಮ್ಮ ಹಗಲು ಹೊತ್ತಿನಲ್ಲಿ ಮಂಚದ ಮೇಲೆ ಕೂತು ಗುಂಡಿ ಒತ್ತಲಿ. ಯಾರು ಕರೆ ಎತ್ತಿಕೊಂಡರು, ಎಷ್ಟು ನಿಮಿಷದಲ್ಲಿ ಬಾಗಿಲಿಗೆ ಬಂದರು, ಕೀಲಿ ತಿರುಗಿತೇ ಎಂದು ಅವರೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಬಂದವರು ಸ್ವಲ್ಪ ಹೊತ್ತು ಕೂತು ಮಾತಾಡಿ ಹೋಗಲಿ. ಗುಂಡಿ ಒತ್ತಿದರೆ ಬೈಗುಳ ಬರುವುದಿಲ್ಲ, ಮನುಷ್ಯರು ಬರುತ್ತಾರೆ ಎಂದು ಅವರ ಬೆರಳಿಗೆ ಅಭ್ಯಾಸವಾಗಬೇಕಾದದ್ದು ಹೀಗೆಯೇ.